ಬಣ್ಣ ಹೋದ ಗಿಟಾರು

ಮಂಗಳೂರು, 14 ಜೂನ್ 2025, ಶನಿವಾರ

ಬೆಳಿಗ್ಗೆಯಿಂದ ಮಳೆ ಬಿಟ್ಟೇ ಇಲ್ಲ. ಕಪಾಟಿನಿಂದ ಗಿಟಾರ್ ತೆಗೆದರೆ ಹೆಗಲ ಪಟ್ಟಿಗೆ ಬೂಷ್ಟು, ಮೂರು ತಂತಿಗಳಿಗೆ ತುಕ್ಕು. ಹೊಸ ತಂತಿ ಹಾಕಿ ಒಂದು ತಿಂಗಳೂ ಆಗಿಲ್ಲ. ಕಡಲ ಗಾಳಿ, ಕೈಬೆವರು, ಮಳೆಗಾಲದ ತೇವ, ಮೂರೂ ಸೇರಿದರೆ ಇಲ್ಲಿ ಯಾವ ಕಬ್ಬಿಣವೂ ಉಳಿಯುವುದಿಲ್ಲ.

ಇವತ್ತು ಬ್ಲೂಸ್, ರಾಕ್ ಗಿಟಾರ್ ವಾದಕ ರೋರಿ ಗ್ಯಾಲಹರ್ ತೀರಿಕೊಂಡು 30 ವರ್ಷ. ಐರ್ಲೆಂಡಿನ ಬ್ಯಾಲಿಶ್ಯಾನನ್‌ನಲ್ಲಿ 1948ರಲ್ಲಿ ಹುಟ್ಟಿ, ಕಾರ್ಕ್ ನಗರದಲ್ಲಿ ಬೆಳೆದವನು. ಲಿವರ್ ಕಸಿಯ ನಂತರ ಸೋಂಕು ತಗಲಿ ಲಂಡನ್ನಿನಲ್ಲಿ ಹೋದಾಗ ಅವನಿಗೆ ಬರೀ 47. ಪ್ರತಿ ವರ್ಷ ಈ ದಿನ ಅವನ 1974ರ ಐರ್ಲೆಂಡ್ ಪ್ರವಾಸದ ಲೈವ್ ಆಲ್ಬಮ್ಮನ್ನು ಪೂರ್ತಿ ಕೇಳುತ್ತೇನೆ.

ಅವನನ್ನು ನನಗೆ ಹತ್ತಿರ ಮಾಡಿದ್ದು ಮದುವೆ ಬ್ಯಾಂಡು. ರೋರಿ ಹದಿನೈದರ ಹುಡುಗನಾಗಿದ್ದಾಗ ಫೊಂಟಾನಾ ಎಂಬ ಶೋಬ್ಯಾಂಡ್ ಸೇರಿದ್ದ. ಅಂದರೆ ಎಲ್ಲರೂ ಒಂದೇ ಥರ ಸೂಟು ಹಾಕಿಕೊಂಡು, ಆ ವಾರದ ಹಿಟ್ ಹಾಡುಗಳನ್ನು ಡ್ಯಾನ್ಸ್ ಹಾಲಿನಲ್ಲಿ ಗಂಟೆಗಟ್ಟಲೆ ಬಾರಿಸುವುದು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಅಲ್ಲಿ ಹಾಲ್‌ಗಳು ಮುಚ್ಚುತ್ತಿದ್ದವು, ಬ್ಯಾಂಡಿನವರು ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗುತ್ತಿದ್ದರು. ಇದನ್ನು ಓದಿದ ದಿನ ಎದ್ದು ಕೂತಿದ್ದೆ. ಮಂಗಳೂರಿನ ನಮ್ಮ ಕ್ಯಾಥೊಲಿಕರಲ್ಲೂ ತಪಸ್ಸು ಕಾಲದಲ್ಲಿ ಮದುವೆ ಇಲ್ಲ, ಬ್ಯಾಂಡಿಗೆ ದುಡಿಮೆ ಇಲ್ಲ! ಹದಿನಾಲ್ಕು ವರ್ಷದಿಂದ ಬಿಜೈ, ಬೆಂದೂರು, ಕುಲಶೇಖರದ ಹಾಲ್‌ಗಳಲ್ಲಿ ಗ್ರ್ಯಾಂಡ್ ಮಾರ್ಚ್, ಬೈಲಾ, ಹಿಂದಿ ಹಾಡು ಬಾರಿಸಿದವನು ನಾನು. 'ಅದು ಸಂಗೀತವಾ ಮಾರಾಯ' ಎಂದವರಿದ್ದಾರೆ. ಹೌದು, ಸಂಗೀತವೇ. ಕುಣಿಯುವವರ ಕಾಲು ನೋಡಿಕೊಂಡು ತಾಳ ಹಿಡಿಯುವುದನ್ನು ನಾನು ಬೇರೆಲ್ಲಿ ಕಲಿಯುತ್ತಿದ್ದೆ?

1963ರಲ್ಲಿ ರೋರಿ ಕಾರ್ಕ್‌ನ ಅಂಗಡಿಯೊಂದರಿಂದ ಸೆಕೆಂಡ್ ಹ್ಯಾಂಡ್ ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್ ಕೊಂಡ. 1961ರ ಗಿಟಾರು, ಬೆಲೆ 100 ಪೌಂಡ್, ಅದೂ ಸಾಲದಲ್ಲಿ. ಒಮ್ಮೆ ಅದನ್ನು ಯಾರೋ ಕದ್ದರು. ಆಮೇಲೆ ಒಂದು ಚರಂಡಿಯಲ್ಲಿ ಸಿಕ್ಕಿತು. ವರ್ಷಾನುಗಟ್ಟಲೆಯ ಬೆವರಿಗೆ ಬಣ್ಣವೆಲ್ಲ ಎದ್ದು ಹೋಗಿ ಒಳಗಿನ ಮರ ಕಾಣಿಸಿತು. ಹೊಸ ಬಣ್ಣ ಹೊಡೆಸಲಿಲ್ಲ, ಕೊನೆವರೆಗೂ ಅದನ್ನೇ ನುಡಿಸಿದ. 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಅದಕ್ಕೆ ಕಮಿಷನ್ ಸೇರಿ 8,89,400 ಪೌಂಡ್ ಬಂತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಒಬ್ಬರ ಮನೆಯ ಗೋಡೆಗೆ ಸೇರದೆ ಊರಿಗೇ ಮರಳಿತಲ್ಲ ಎಂದು ಆಗ ಕಣ್ಣು ತುಂಬಿತ್ತು.

ಟೇಸ್ಟ್ ಎಂಬ ತಂಡ ಕಟ್ಟಿದ, ಅದು ಒಡೆಯಿತು, 1971ರಿಂದ ತನ್ನ ಹೆಸರಿನಲ್ಲೇ ಆಲ್ಬಮ್ ತಂದ. 1975ರ ಜನವರಿಯಲ್ಲಿ, ಹೊಸ ಗಿಟಾರ್ ವಾದಕನನ್ನು ಹುಡುಕುತ್ತಿದ್ದ ರೋಲಿಂಗ್ ಸ್ಟೋನ್ಸ್ ತಂಡದವರು ಅವನನ್ನು ರಾಟರ್‌ಡ್ಯಾಮಿಗೆ ಕರೆಸಿ ಜೊತೆಗೆ ನುಡಿಸಿದರು. ಜಪಾನಿನಲ್ಲಿ ಅವನ ಕಾರ್ಯಕ್ರಮಗಳು ಮೊದಲೇ ನಿಗದಿಯಾಗಿದ್ದವು, ಗಿಟಾರ್ ಹಿಡಿದು ಅಲ್ಲಿಗೆ ಹೊರಟುಬಿಟ್ಟ. ಬಾಂಬು, ಗುಂಡಿನ ಹೆದರಿಕೆಗೆ ಎಷ್ಟೋ ತಂಡಗಳು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಕಡೆ ತಲೆ ಹಾಕದ ಕಾಲದಲ್ಲಿ ಅಲ್ಲಿನ ಅಲ್‌ಸ್ಟರ್ ಹಾಲಿಗೆ ಮತ್ತೆ ಮತ್ತೆ ಹೋದ. ಹೊರಗೆ ಬೇರೆ ಬೇರೆ ಬೀದಿಯಲ್ಲಿ ಬದುಕುತ್ತಿದ್ದ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಹುಡುಗರು ಒಳಗೆ ಒಟ್ಟಿಗೆ ನಿಂತು ಕೇಳುತ್ತಿದ್ದರು. ನಾನು ವರ್ಷ ವರ್ಷ ಹಾಕುವ ಆಲ್ಬಮ್ಮಿನಲ್ಲಿ ಆ ಬೆಲ್‌ಫಾಸ್ಟಿನ ಸದ್ದೂ ಉಂಟು.

ಅವನು ಬರೆದದ್ದರಲ್ಲಿ ನನಗೆ ತೀರಾ ಇಷ್ಟವಾದದ್ದು 1973ರ ಒಂದು ಹಾಡು. ಜನ ತುಂಬಿದ ಹೋಟೆಲ್ ಬಾರು, ನಡುವೆ ಒಬ್ಬನೇ ಕೂತವನ ಮನಸ್ಸು ಎಲ್ಲೋ ದೂರ. ಮದುವೆ ಮುಗಿದು ವಯರ್ ಸುತ್ತುವಾಗ ನನಗೆ ಎಷ್ಟೋ ಸಲ ಹಾಗೇ ಆಗಿದೆ.

ಮಧ್ಯಾಹ್ನ ನಮ್ಮ ಡ್ರಮ್ಸ್ ಅಂಕಲ್‌ಗೆ ಫೋನ್ ಮಾಡಿದೆ. ನಾಳೆ ಮೂಡುಬಿದಿರೆಯಲ್ಲಿ ಕಾರ್ಯಕ್ರಮ.

"ಈ ಮಳೆಗೆ ಹೋಗುವುದಾ ಅಂಕಲ್? ಜನ ಬರ್ತಾರಾ?"

"ಐವತ್ತು ಜನ ಬಂದ್ರೂ ಬಾರಿಸ್ಬೇಕಲ್ಲ ಮಾರಾಯ. ಮಾತು ಕೊಟ್ಟಾಗಿದೆ."

ಸ್ವಲ್ಪ ಸುಮ್ಮನಿದ್ದು, ಎರಡು ವರ್ಷದಿಂದ ನೋಟ್‌ಬುಕ್ಕಿನಲ್ಲೇ ಇರುವ ನನ್ನ ಕನ್ನಡ ಹಾಡಿನ ವಿಷಯ ಎತ್ತಿದೆ.

"ಎಂತ ತಾಳ?"

ಬಾಯಲ್ಲೇ ಹೇಳಿ ತೋರಿಸಿದೆ. ಆಚೆಯಿಂದ ಮೇಜಿನ ಮೇಲೆ ಬೆರಳು ಬಡಿಯುವ ಸದ್ದು ಕೇಳಿಸಿತು.

"ಎರಡನೇ ಸೆಟ್ಟಲ್ಲಿ ಹಾಕುವ," ಎಂದರು.

ಈಗ ರಾತ್ರಿ ಹತ್ತೂವರೆ. ಆರೂ ತಂತಿ ಬದಲಾಯಿಸಿ ಆಯಿತು.