ಹಡಗಿನ ಹೊಟ್ಟೆಯಲ್ಲಿ ಬಂದ ನಕ್ಷತ್ರಮೀನು

ಮಂಡ್ಯದ ನಾಲಾ ಬಯಲಿನಲ್ಲಿ ಬೆಳೆದ ನಾನು ಈಗ ನೆಲೆಸಿರುವುದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೊಬಾರ್ಟ್‌ನಲ್ಲಿ. ಇಲ್ಲಿನ ಡರ್ವೆಂಟ್ ನದಿಯ ಅಳಿವೆಯಲ್ಲಿ, ಹೊರಗಿನಿಂದ ಬಂದು ನೆಲೆಯೂರಿದ ಕಡಲಜೀವಿಗಳನ್ನು ಅಧ್ಯಯನ ಮಾಡುವುದು ನನ್ನ ಕೆಲಸ.

ಅವುಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಉತ್ತರ ಪೆಸಿಫಿಕ್ ನಕ್ಷತ್ರಮೀನು. ಹಳದಿ ಮೈ, ಐದು ತೋಳು, ಮೇಲಕ್ಕೆ ಬಾಗಿದ ನೇರಳೆ ಬಣ್ಣದ ತುದಿ. ನೋಡಲು ಚೆಲುವಾಗಿಯೇ ಇದೆ. ಜಪಾನ್, ರಷ್ಯಾ ಕಡೆಯ ಈ ಜೀವಿ ಇಲ್ಲಿ ಮೊದಲು ಸಿಕ್ಕಿದ್ದು 1986ರಲ್ಲಿ. ಸರಕಿಲ್ಲದ ಹಡಗು ಸಮತೋಲ ತಪ್ಪದಿರಲೆಂದು ತಳದ ತೊಟ್ಟಿಗಳಲ್ಲಿ ತುಂಬಿಕೊಳ್ಳುವ ಬ್ಯಾಲಾಸ್ಟ್ ನೀರಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಲಾರ್ವಾಗಳಾಗಿ ಅದು ಬಂದಿರಬೇಕೆಂಬುದು ವಿಜ್ಞಾನಿಗಳ ಬಲವಾದ ಅಂದಾಜು. ಒಂದು ಹೆಣ್ಣು ಕೋಟಿಗೂ ಮಿಕ್ಕಿ ಮೊಟ್ಟೆಯಿಡಬಲ್ಲದು.

ಅದು ಚಿಪ್ಪುಜೀವಿಗಳನ್ನು ತಿಂದು ಸುಮ್ಮನಾಗುವುದಿಲ್ಲ. ರೆಕ್ಕೆಗಳನ್ನೇ ಕೈಕಾಲಿನಂತೆ ಊರಿ ಕಡಲತಳದಲ್ಲಿ ನಡೆದಾಡುವ, ಅಳಿವಿನಂಚಿನಲ್ಲಿರುವ ಹ್ಯಾಂಡ್‌ಫಿಶ್ ಎಂಬ ಪುಟ್ಟ ಮೀನು, ಕಡ್ಡಿಯಂತೆ ನಿಂತ ಒಂದು ಬಗೆಯ ಜೀವಿಗಳಿಗೆ ಮೊಟ್ಟೆಗಳನ್ನು ಸುತ್ತುತ್ತದೆ. ನಕ್ಷತ್ರಮೀನು ಆ ಕಡ್ಡಿಗಳನ್ನೇ ತಿಂದುಹಾಕುವುದರಿಂದ, ಸಂಶೋಧಕರು ತಳದಲ್ಲಿ ಪಿಂಗಾಣಿ ಕಡ್ಡಿಗಳನ್ನು ನೆಟ್ಟು ಮೀನಿಗೆ ಆಸರೆ ಒದಗಿಸುತ್ತಿದ್ದಾರೆ. ಆ ಪಿಂಗಾಣಿಗೆ ಮೊಟ್ಟೆ ಅಂಟಿದ್ದನ್ನು ಕಂಡಾಗ ಆಗುವ ಸಂತೋಷ ಸಣ್ಣದಲ್ಲ.

"ನಮ್ ಹೊಲದ ಕಾಂಗ್ರೆಸ್ ಗಿಡದಂಗೆ ಕಿತ್ತಾಕಕ್ಕಾಗಲ್ವೇನಪ್ಪಾ?" ಎಂದು ದೊಡ್ಡಪ್ಪ ಫೋನಿನಲ್ಲಿ ಕೇಳಿದರು. ಮುಳುಗುಗಾರರು ಸಾವಿರಾರು ನಕ್ಷತ್ರಮೀನುಗಳನ್ನು ಹೆಕ್ಕಿದ್ದಾರೆ, ಆದರೆ ತಿಂಗಳುಗಟ್ಟಲೆ ತೇಲುವ ಲಾರ್ವಾಗಳನ್ನು ಹೆಕ್ಕುವವರು ಯಾರು? ನೆಲೆಯೂರಿದ ಕಡಲಜೀವಿಯನ್ನು ಬೇರುಸಹಿತ ತೆಗೆದ ನಿದರ್ಶನಗಳು ತೀರ ವಿರಳ. 1999ರಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ನಗರದ ದೋಣಿ ತಂಗುದಾಣವೊಂದರಲ್ಲಿ, ಚದರ ಮೀಟರಿಗೆ 20,000ಕ್ಕೂ ಹೆಚ್ಚು ಇದ್ದ ಮಧ್ಯ ಅಮೆರಿಕ ಮೂಲದ ಕಪ್ಪುಪಟ್ಟೆ ಮಸೆಲ್ ಚಿಪ್ಪುಗಳನ್ನು, ಗೇಟು ಮುಚ್ಚಿ ಕ್ಲೋರಿನ್ ಮತ್ತು ಮೈಲುತುತ್ತ ಸುರಿದು ಕೊಲ್ಲಲಾಯಿತು. ಜೊತೆಗಿದ್ದ ಮೀನುಗಳೂ ಸತ್ತವು. ಗೇಟಿಲ್ಲದ ಕಡಲಿನಲ್ಲಿ ಅದು ಸಾಧ್ಯವಿರಲಿಲ್ಲ. ಅದೇ ಮಸೆಲ್ 1960ರ ದಶಕದಲ್ಲೇ ನಮ್ಮ ವಿಶಾಖಪಟ್ಟಣಕ್ಕೂ ಬಂದಿತ್ತು.

ಆದ್ದರಿಂದ ಹಡಗಿನಲ್ಲೇ ತಡೆಯಬೇಕೆಂದು ನಾನು ದೃಢವಾಗಿ ನಂಬುತ್ತೇನೆ. 2004ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದ ಮಾನದಂಡದಂತೆ, ಹೊರಬಿಡುವ ಒಂದು ಘನ ಮೀಟರ್ ಬ್ಯಾಲಾಸ್ಟ್ ನೀರಿನಲ್ಲಿ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಥವಾ ಅದಕ್ಕಿಂತ ದೊಡ್ಡ ಸಜೀವ ಜೀವಿಗಳು 10ಕ್ಕಿಂತ ಕಡಿಮೆಯಿರಬೇಕು. ಡಾರ್ವಿನ್‌ನ ಮಸೆಲ್ ಬಂದದ್ದು ಮಾತ್ರ ವಿಹಾರನೌಕೆಯ ಹೊರಮೈಗೆ ಅಂಟಿಕೊಂಡು ಎನ್ನಲಾಗುತ್ತದೆ. ಹಾಗೆ ಅಂಟಿ ಬರುವವುಗಳ ಬಗ್ಗೆ 2023ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆಯಾದರೂ, ಅದನ್ನು ಪಾಲಿಸುವುದು ಕಡ್ಡಾಯವಲ್ಲ, ಕಡ್ಡಾಯವಾಗಬೇಕು.