ತೂತು ಬಿದ್ದ ಗಿಟಾರಿನ ತಾತ

ನಮ್ಮ ಸೋದರತ್ತೆ ವೀಣೆ ಕಲಿತವರು. ಹೋದ ವಾರ ನಾನು ಅಮೆರಿಕದ ಹಳ್ಳಿಗಾಡಿನ ಸೊಗಡಿನ 'ಕಂಟ್ರಿ' ಸಂಗೀತದ ಗಾಯಕ ವಿಲ್ಲಿ ನೆಲ್ಸನ್ ಹಾಡು ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲೇ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆ ತೊಡೆ ಮೇಲೆ ತಾಳ ಹಾಕಲು ನೋಡಿದರು, ಎರಡು ಸಲ ತಪ್ಪಿತು, "ಏನೋ ಇದು, ತಾಳ ಒಂದು ಕಡೆ, ಈತ ಇನ್ನೊಂದು ಕಡೆ" ಎಂದು ಬೈದರು.

ನನಗಂತೂ ನೆಲ್ಸನ್ ಇಷ್ಟವಾಗುವುದೇ ಅದಕ್ಕೆ. ಸಾಲು ತಾಳಕ್ಕಿಂತ ಒಂಚೂರು ಹಿಂದೆ ಬರುತ್ತದೆ, ಇಲ್ಲಾ ಮುಂದೆ ಓಡುತ್ತದೆ, ಜಗಲಿ ಮೇಲೆ ಕೂತು ಮಾತಾಡಿದ ಹಾಗೆ. ಕಂಟ್ರಿ ಸಂಗೀತದ ರಾಜಧಾನಿಯಂತಿದ್ದ 60ರ ದಶಕದ ನ್ಯಾಶ್‌ವಿಲ್ ಊರಿಗೆ ಇದು ಹಿಡಿಸಲಿಲ್ಲ. ಬರೆಯುವುದಕ್ಕೆ ಅವರು ಬೇಕು, ಹಾಡುವುದಕ್ಕೆ ಬೇಡ! ಅವರು ಬರೆದ 'ಕ್ರೇಜಿ' 1961ರಲ್ಲಿ ಪ್ಯಾಟ್ಸಿ ಕ್ಲೈನ್ ದನಿಯಲ್ಲಿ ಮನೆಮಾತಾಯಿತು. ಗಾಯಕರಾಗಿ ಕಂಟ್ರಿ ಪಟ್ಟಿಯಲ್ಲಿ ಅವರು ಮೊದಲ ಸ್ಥಾನಕ್ಕೆ ಬಂದಿದ್ದು 1975ರಲ್ಲಿ, 42ನೇ ವಯಸ್ಸಿಗೆ. ತಮಾಷೆ ಅಂದ್ರೆ ಆ ಮೊದಲ ಸ್ಥಾನದ ಹಾಡು ಬರೆದವರು ಬೇರೆಯವರು, ಫ್ರೆಡ್ ರೋಸ್.

ಅಷ್ಟರಲ್ಲಿ ಅವರು ನ್ಯಾಶ್‌ವಿಲ್ ಬಿಟ್ಟು ತಮ್ಮ ಟೆಕ್ಸಸ್‌ಗೆ ವಾಪಸ್ಸಾಗಿದ್ದರು. ಆಸ್ಟಿನ್‌ನಲ್ಲಿ ಅರ್ಮಡಿಲೊ ಅಂತ ಒಂದು ಸಭಾಂಗಣ, ಹಿಪ್ಪಿಗಳ ಅಡ್ಡ. 1972ರಲ್ಲಿ ಅಲ್ಲಿ ಹಾಡಿದರು. ಒಬ್ಬರ ಮುಖ ಒಬ್ಬರಿಗೆ ಆಗದ ಉದ್ದ ಕೂದಲಿನ ಹುಡುಗರೂ ಕೌಬಾಯ್ ಟೋಪಿಯವರೂ ಇವರ ಹಾಡಿಗೆ ಒಂದೇ ಕಡೆ ಸೇರತೊಡಗಿದರು. ಇವರೂ ಕೂದಲು ಬಿಟ್ಟು ಜಡೆ ಹಾಕಿಕೊಂಡರು.

ಆ ಗಿಟಾರ್ ನೋಡಿದ್ದೀರಾ? ಹೆಸರು ಟ್ರಿಗರ್, 1969ರಿಂದ ಜೊತೆಗಿದೆ. ಮಾರ್ಟಿನ್ ಕಂಪನಿಯದು, ನೈಲಾನ್ ತಂತಿಯದು. ಬೆರಳಲ್ಲಿ ಮೀಟಬೇಕಾದ ಗಿಟಾರಿಗೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಬಾರಿಸಿ ಬಾರಿಸಿ, ನಡುವಿನ ದೊಡ್ಡ ರಂಧ್ರದ ಪಕ್ಕ ಮರ ಸವೆದು ಇನ್ನೊಂದು ತೂತಾಗಿದೆ. ಮೈತುಂಬ ಸ್ನೇಹಿತರ ಸಹಿ. ನಮ್ಮ ಕಡೆ ಆಗಿದ್ರೆ ಯಾವತ್ತೋ ಅಟ್ಟ ಸೇರಿರೋದು, ಅಲ್ವಾ?

1990ರಲ್ಲಿ ತೆರಿಗೆಯವರು 1 ಕೋಟಿ 67 ಲಕ್ಷ ಡಾಲರ್ ಬಾಕಿಗೆ ಅವರ ಆಸ್ತಿ ಜಪ್ತಿ ಮಾಡಿದರು. ಆದರೆ ಟ್ರಿಗರ್ ಮಾತ್ರ ಅಧಿಕಾರಿಗಳ ಕೈಗೆ ಸಿಗಲಿಲ್ಲ, ಮೊದಲೇ ಬಚ್ಚಿಟ್ಟಾಗಿತ್ತು. ಹರಾಜಿನಲ್ಲಿ ಸ್ನೇಹಿತರು, ಅಭಿಮಾನಿಗಳು ಅವರ ಸಾಮಾನು ಕೊಂಡು ಅವರಿಗೇ ವಾಪಸ್ ಕೊಟ್ಟರು. 1985ರಿಂದ ಫಾರ್ಮ್ ಏಡ್ ಅನ್ನೋ ಸಂಗೀತ ಕಛೇರಿ ನಡೆಸಿ ರೈತರಿಗೆ ದುಡ್ಡು ಎತ್ತಿಕೊಡುತ್ತಿದ್ದ ಮನುಷ್ಯ, ಜನ ಸುಮ್ನೆ ಬಿಡ್ತಾರಾ? ಅವರೂ ಬರೀ ಗಿಟಾರ್ ಹಿಡಿದು ಹಾಡಿದ ಒಂದು ಆಲ್ಬಂ ಮಾರಿ ಸಾಲಕ್ಕೆ ಕಟ್ಟಿದರು, 1993ರಲ್ಲಿ ಲೆಕ್ಕ ಚುಕ್ತಾ ಆಯಿತು. ಆ ಆಲ್ಬಂ ಹೆಸರಿನಲ್ಲೇ ತೆರಿಗೆ ಇಲಾಖೆಯ ಹೆಸರಿದೆ, ನೋಡಿ ಧೈರ್ಯ.

2023ರಲ್ಲಿ 90 ತುಂಬಿದಾಗ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಎರಡು ದಿನ ಹಾಡಿನ ಹಬ್ಬ. ಅದರ ವಿಡಿಯೊ ಅತ್ತೆಗೆ ತೋರಿಸಿದೆ. ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಗಿಟಾರನ್ನೇ ನೋಡುತ್ತಾ, "ಪಾಪ, ಅದಕ್ಕೊಂದು ತೇಪೆ ಹಾಕಿಸಬಾರದಾ" ಎಂದರು.