ಧಾರಾವಾಹಿಯ ಹುಡುಗಿಗೆ ಬಸ್ಸು ತಪ್ಪುವುದಿಲ್ಲ

ಗದುಗಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆಂದು ತಿಳಿದೊಡನೆ ಬೆಂಗಳೂರಿನ ನೆಂಟರು ಕೇಳುವ ಪ್ರಶ್ನೆ ಒಂದೇ: ನಿಮ್ಮ ಕಡೆಯ ಹುಡುಗ ಹುಡುಗಿಯರು ಧಾರಾವಾಹಿಗಳಲ್ಲಿ ತೋರಿಸುವ ಹಾಗೆಯೇ ಇರುತ್ತಾರೆಯೇ?

ಒಂದು ಮಟ್ಟಿಗೆ ಹೌದು. ಬೆಟಗೇರಿಯ ಓಣಿಯಲ್ಲಿ ಹುಡುಗಿಯೊಬ್ಬಳು ಸಹಪಾಠಿಯೊಡನೆ ಎರಡು ನಿಮಿಷ ನಿಂತು ಮಾತನಾಡಿದರೆ, ಆಕೆಗಿಂತ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ. ಊರಿನ ಕಣ್ಣು, ಮನೆಯವರ ಭಯ, ನೆಂಟರು ಎತ್ತುವ ಮದುವೆಯ ಮಾತು ಇವನ್ನೆಲ್ಲ ಧಾರಾವಾಹಿಗಳು ಹಿಗ್ಗಿಸುತ್ತವೆಯೇ ಹೊರತು ಹೊಸದಾಗಿ ಹುಟ್ಟಿಸಿಲ್ಲ.

ನನ್ನ ತಕರಾರು ಇರುವುದು ಹೊತ್ತಿನ ಬಗ್ಗೆ. ಕಿರುತೆರೆಯ ಕಾಲೇಜು ಹುಡುಗಿಗೆ ಅಳುವುದಕ್ಕೊಂದು ಸ್ವಂತ ಕೋಣೆಯೂ, ಅಲ್ಲಿ ಅಳುತ್ತ ಕೂರಲು ಬೇಕಾದಷ್ಟು ಸಮಯವೂ ಇರುತ್ತದೆ. ಡಂಬಳದ ಕಡೆಯಿಂದ ಬರುವ ನಮ್ಮ ಹುಡುಗಿಯರ ದಿನವನ್ನು ಅಳೆದುಕೊಡುವುದು ಸಾರಿಗೆ ಸಂಸ್ಥೆಯ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಅವರಿಗೆ ಪಾಸಿನ ಚಿಂತೆ ತಪ್ಪಿದೆ, ಶೂನ್ಯ ಮೊತ್ತದ ಟಿಕೆಟು ಪುಸ್ತಕದ ನಡುವೆ ಪುಟದ ಗುರುತಾಗಿ ಕೂತಿದೆ. ಹುಡುಗರು ಮಾತ್ರ ಇನ್ನೂ ಪಾಸು ಹಿಡಿದೇ ಹತ್ತಬೇಕು. ಆದರೆ ತುಂಬಿ ಬಂದ ಬಸ್ಸು ನಿಲ್ಲದೆ ಹೋದರೆ ಇಬ್ಬರಿಗೂ ಮೊದಲ ಪಾಠ ತಪ್ಪುತ್ತದೆ. ‘ಬಸ್ ನಿಲ್ಲಿಸಲೇ ಇಲ್ರಿ ಸರ್’ ಎಂಬ ನೆಪವನ್ನು ನಾನು ಎಂದೂ ಅನುಮಾನಿಸಿಲ್ಲ. ಬಹುಪಾಲು ಧಾರಾವಾಹಿಗಳು ಬೆಂಗಳೂರಿನ ಸುತ್ತಮುತ್ತಲ ಮನೆಗಳಲ್ಲಿ, ದಿನಕ್ಕೊಂದು ಕಂತಿನ ಒತ್ತಡದಲ್ಲಿ ತಯಾರಾಗುವುದರಿಂದ, ನಡುಮನೆಯಲ್ಲಿ ನಡೆಯದ ಸಂಗತಿಗೆ ಅಲ್ಲಿ ಜಾಗವಿಲ್ಲ.

ಭಾಷೆಯ ವಿಷಯ ಎತ್ತದಿರುವುದೇ ಲೇಸು, ಆದರೂ ಒಂದು ಮಾತು. ಪ್ರತಿ ಶಬ್ದಕ್ಕೂ ‘ರೀ’ ಅಂಟಿಸಿದರೆ ಉತ್ತರ ಕರ್ನಾಟಕದ ಕನ್ನಡವಾಯಿತೆಂದು ಸಂಭಾಷಣೆ ಬರೆಯುವವರು ನಂಬಿದಂತಿದೆ. ನನ್ನೆದುರು ‘ಹೌದ್ರಿ ಸರ್’ ಎನ್ನುವ ಹುಡುಗ ಬಾಗಿಲು ದಾಟಿದೊಡನೆ ಗೆಳೆಯನಿಗೆ ‘ಬಾರಲೇ’ ಎನ್ನುತ್ತಾನೆ. ಆ ‘ಲೇ’ಯಲ್ಲಿರುವ ಸಲಿಗೆ ತೆರೆಯ ಮೇಲೆ ಕೇಳಿಸುವುದಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ನಾಟಕಗಳಲ್ಲಿ ಈ ನುಡಿಯಲ್ಲೇ ದುಃಖವನ್ನೂ ಕೇಳಿದವನು ನಾನು; ಈಗ ಅದು ಹೆಚ್ಚಾಗಿ ನಗಿಸುವ ಪಾತ್ರಗಳ ಪಾಲಿಗೆ ಬಂದಿದೆ.

ಆದರೆ ನಮ್ಮ ಮಕ್ಕಳ ಬದುಕಿನ ನಿಜವಾದ ತಿರುವನ್ನು ನಾನು ಯಾವ ಧಾರಾವಾಹಿಯಲ್ಲೂ ಕಂಡಿಲ್ಲ. ಅದು ಪ್ರೇಮಪತ್ರ ಸಿಕ್ಕಿಬೀಳುವ ದಿನವಲ್ಲ; ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಬಂದಿದೆಯೆಂಬ ಒಂದೇ ಕಾರಣಕ್ಕೆ ವಿಜ್ಞಾನಕ್ಕೆ ಸೇರಿದ ಹುಡುಗಿ, ನಾವು ಇಂಗ್ಲಿಷಿನಲ್ಲಿ ಮಾಡುವ ಪಾಠವನ್ನು ಮೊದಲ ಬಾರಿಗೆ ಕೇಳುವ ಜೂನ್ ತಿಂಗಳ ದಿನ. ಊರಿನ ಶಾಲೆಗೇ ಮೊದಲಿಗಳಾಗಿ ಬಂದವಳೊಬ್ಬಳು ಹೋದ ವರ್ಷ ಆರಂಭದ ಎರಡು ವಾರ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿಯೇ ಕೂತಿದ್ದಳು. ಫೋಟೋಸಿಂಥೆಸಿಸ್ ಎಂದರೇನೆಂದು ಕೇಳಿದಾಗ ಎದ್ದು ನಿಂತಳು, ಉತ್ತರ ಬರಲಿಲ್ಲ. ಪಾಠ ಮುಗಿದ ಮೇಲೆ ಆಕೆಯ ಪುಸ್ತಕ ತೆರೆದು ನೋಡಿದೆ: ಸಾಲುಗಳ ನಡುವಿನ ಕಿರಿದಾದ ಜಾಗದಲ್ಲಿ, ಯಾರಿಗೂ ಕಾಣಬಾರದೆಂಬಷ್ಟು ಸಣ್ಣ ಪೆನ್ಸಿಲ್ ಅಕ್ಷರಗಳಲ್ಲಿ, ಪತ್ರಹರಿತ್ತು, ಪತ್ರರಂಧ್ರ, ದ್ಯುತಿಸಂಶ್ಲೇಷಣೆ.

ಕನ್ನಡದಲ್ಲೇ ಹೇಳು ಎಂದೆ. ಬೆಳಕು, ನೀರು, ಗಾಳಿಯಿಂದ ಎಲೆ ಸಕ್ಕರೆ ಮಾಡಿಕೊಳ್ಳುವ ಬಗೆಯನ್ನು ತಡವರಿಸದೆ ಹೇಳುತ್ತ ಹೋದಳು. ನಡುವೆ ಒಮ್ಮೆ ಮಾತು ನಿಲ್ಲಿಸಿದ್ದು ಗಡಿಯಾರ ನೋಡುವುದಕ್ಕೆ. ಐದೂಕಾಲರ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.